ಎಂಜಿನ್ ಕೆಲಸಕ್ಕೆ ಸಾಕೆಟ್, ಸ್ಪ್ಯಾನರ್: ಮೊದಲು ಬೋಲ್ಟು ಎಣಿಸಿ, ಆಮೇಲೆ ಪೆಟ್ಟಿಗೆ ಕೊಳ್ಳಿ

ಸಾಕೆಟ್ (ಬೋಲ್ಟಿನ ತಲೆಯ ಮೇಲೆ ಟೊಪ್ಪಿಯಂತೆ ಕೂರುವ ಕೊಳವೆ) ಸೆಟ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಮೇಲೆ ದಪ್ಪಗೆ ಬರೆದ ಸಂಖ್ಯೆಗೆ. 46 ಪೀಸು, 94 ಪೀಸು, 108 ಪೀಸು. ತೆರೆದು ನೋಡಿದರೆ ಅದರಲ್ಲಿ ದೊಡ್ಡ ಪಾಲು ಸ್ಕ್ರೂಡ್ರೈವರ್ ಬಿಟ್ಟುಗಳದ್ದು. ಮಿಕ್ಕಿದ್ದರಲ್ಲಿ 4, 4.5, 5, 5.5 ಎಂಎಂನ ಪುಟಾಣಿ ಸಾಕೆಟ್ಟುಗಳು. ಕೆಲವು ಪೆಟ್ಟಿಗೆಗಳಲ್ಲಿ ನಿಮ್ಮ ಗಾಡಿಗೆ ಎಂದೂ ಬೇಕಾಗದ ಇಂಚಿನ ಅಳತೆಗಳು. 46 ಪೀಸಿನ ಕಾಲಿಂಚು (ಸಾಕೆಟ್ಟಿನ ಹಿಂಭಾಗದ ಚೌಕದ ಅಳತೆ) ಸೆಟ್ಟುಗಳು ಸಾಮಾನ್ಯವಾಗಿ 14 ಎಂಎಂಗೆ ನಿಲ್ಲುತ್ತವೆ. ಆದರೆ ಎಷ್ಟೋ ಬೈಕು, ಕಾರುಗಳ ಆಯಿಲ್ ಡ್ರೈನ್ ಬೋಲ್ಟೇ 17. ಅಂದರೆ ಅಷ್ಟು ಪೀಸು ಇಟ್ಟುಕೊಂಡೂ ಆಯಿಲ್ ಬದಲಿಸಲಾಗದ ಸ್ಥಿತಿ.

ಮನೆಯಲ್ಲಿ ತಮ್ಮ ಬೈಕಿನದೋ ಮಾರುತಿಯಂಥ ಸಣ್ಣ ಕಾರಿನದೋ ಕೆಲಸ ತಾವೇ ಮಾಡಿಕೊಳ್ಳಬೇಕು, ಆಯಿಲ್ ಮತ್ತು ಪ್ಲಗ್ ಬದಲಿಸುವುದರಿಂದ ಶುರುಮಾಡಿ ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಿ ಮುಂದೊಂದು ದಿನ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸುವವರೆಗೂ ಹೋಗಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಹೇಳುವುದು ಇಷ್ಟೇ: ಸೆಟ್ ನೋಡಿ ಕೊಳ್ಳಬೇಡಿ, ಎಂಜಿನ್ ನೋಡಿ ಕೊಳ್ಳಿ. ಒಂದು ಎಂಜಿನ್ನಿಗೆ ಬೇಕಾಗುವ ಅಳತೆಗಳು ಹತ್ತು ಹನ್ನೆರಡು ದಾಟುವುದು ಅಪರೂಪ.

ಹಂತ 1: ನಿಮ್ಮ ಎಂಜಿನ್ ಯಾವ ಮನೆತನದ್ದು?

ಬೋಲ್ಟಿಗೆ ಎರಡು ಅಳತೆ ಇರುತ್ತವೆ. ಎಂ6, ಎಂ8, ಎಂ10 ಅನ್ನುವುದು ಥ್ರೆಡ್ಡಿನ ವ್ಯಾಸ. ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ತಲೆಯ ಒಂದು ಚಪ್ಪಟೆ ಮುಖದಿಂದ ಎದುರಿನ ಮುಖಕ್ಕೆ ಇರುವ ಅಂತರ. ಇವೆರಡರ ನಡುವಿನ ಲೆಕ್ಕ ಎಲ್ಲ ದೇಶದಲ್ಲೂ ಒಂದೇ ಅಲ್ಲ. ತಪ್ಪು ಸೆಟ್ ಮನೆಗೆ ಬರುವುದು ಇಲ್ಲಿಂದಲೇ.

ಜಪಾನ್ ಮೂಲದ ಎಂಜಿನ್‌ಗಳಲ್ಲಿ, ಅಂದರೆ ಹಳೆಯ ಹೀರೋ ಹೋಂಡಾ, ಸುಜುಕಿ ವಂಶದ ಮಾರುತಿ, ಬಿಡದಿಯಲ್ಲಿ ತಯಾರಾಗುವ ಇನ್ನೋವಾ, ಇಂಥವುಗಳಲ್ಲಿ ಎಂ6ಕ್ಕೆ 10 (ತಲೆಯ ಬುಡದಲ್ಲಿ ಅಗಲ ಅಂಚಿರುವ, ಸಣ್ಣ ತಲೆಯ ಫ್ಲ್ಯಾಂಜ್ ಬೋಲ್ಟಾದರೆ 8), ಎಂ8ಕ್ಕೆ 12, ಎಂ10ಕ್ಕೆ 14, ಎಂ12ಕ್ಕೆ 17. ಯುರೋಪಿನ ಪದ್ಧತಿಯಲ್ಲಿ ಎಂ8ಕ್ಕೆ 13, ಎಂ10ಕ್ಕೆ ಹಳೆಯ ಜರ್ಮನ್ ಲೆಕ್ಕದಲ್ಲಿ 17, ಹೊಸ ಅಂತರರಾಷ್ಟ್ರೀಯ ಲೆಕ್ಕದಲ್ಲಿ 16. ಎಂ12ಕ್ಕೆ 19 ಅಥವಾ 18. ಹೀಗಾಗಿ ಮಾರುತಿ ಮಾತ್ರ ಇಟ್ಟುಕೊಂಡವರಿಗೆ 13, 16 ಎರಡೂ ಹೆಚ್ಚುಕಡಿಮೆ ದಂಡ. ಫೋಕ್ಸ್‌ವ್ಯಾಗನ್ ಇಟ್ಟುಕೊಂಡವರಿಗೆ 12, 14ರ ಕೆಲಸ ಕಡಿಮೆ.

ಹಳೆಯ ಗಾಡಿಗಳ ಕಥೆ ಬೇರೆ. ಅಂಬಾಸಡರ್‌ನ ಹಳೆಯ ಪೆಟ್ರೋಲ್ ಎಂಜಿನ್, ವಿಲ್ಲಿಸ್ ಮೂಲದ ಹಳೆಯ ಜೀಪು, ಇವಕ್ಕೆ 7/16, 1/2, 9/16 ಇಂಚಿನ ಅಳತೆ ಬೇಕು. 1/2 ಇಂಚು ಅಂದರೆ 12.7 ಎಂಎಂ. 13ರ ಸ್ಪ್ಯಾನರ್ ಅದರ ಮೇಲೆ ಕೂರುತ್ತದೆ, ಬಿಗಿಯಾದ ಬೋಲ್ಟಾದರೆ ಜಾರುತ್ತದೆ. ಹಳೆಯ ಬುಲೆಟ್ಟಿನಲ್ಲಿ ಬ್ರಿಟಿಷ್ ವಿಟ್‌ವರ್ತ್ ಪದ್ಧತಿ. ಅಲ್ಲಿ ಸ್ಪ್ಯಾನರ್ ಮೇಲೆ ಬರೆದಿರುವುದು ತಲೆಯ ಅಳತೆಯಲ್ಲ, ಥ್ರೆಡ್ಡಿನದು. 1/4 ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಸುಮಾರು 11.3 ಎಂಎಂ, 5/16ರದು 13.3, 3/8ರದು 15.2. ಯಾವ ಮೆಟ್ರಿಕ್ ಸ್ಪ್ಯಾನರೂ ಇವಕ್ಕೆ ಸರಿಹೊಂದುವುದಿಲ್ಲ. ಹಳೆಯ ಬುಲೆಟ್ಟುಗಳಲ್ಲಿ ತಲೆ ಉರುಟಾದ ಬೋಲ್ಟುಗಳು ಅಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ.

ಈಗ ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಚೀಟಿ ಹಿಡಿದು ಎಂಜಿನ್ ಸುತ್ತ ಒಂದು ಸುತ್ತು ಬನ್ನಿ. ಕೆಸರು, ಬಣ್ಣ ಕೆರೆದು ಅಳೆಯಿರಿ, ಇಲ್ಲದಿದ್ದರೆ ಅಳತೆ ಕಾಲು ಎಂಎಂ ಹೆಚ್ಚು ತೋರಿಸುತ್ತದೆ. ಪ್ರತಿ ಬೋಲ್ಟಿನ ಮುಂದೆ ಮೂರು ಸಂಗತಿ ಬರೆದುಕೊಳ್ಳಿ: ತಲೆಯ ಅಳತೆ, ಅದು ಎಷ್ಟು ಆಳದಲ್ಲಿದೆ, ಸುತ್ತ ಕೈ ಆಡುವಷ್ಟು ಜಾಗ ಇದೆಯೇ. ಮುಂದಿನ ಎಲ್ಲ ಹಂತಕ್ಕೂ ಈ ಚೀಟಿಯೇ ಆಧಾರ. ಬರೆಯುವಾಗ ಕೆಲವು ಅನಿರೀಕ್ಷಿತ ಅಳತೆಗಳೂ ಸಿಗುತ್ತವೆ. ಹೋಂಡಾ ಮೂಲದ 100 ಸಿಸಿ ಎಂಜಿನ್ನಿನಲ್ಲಿ ಟ್ಯಾಪೆಟ್ ಮುಚ್ಚಳಕ್ಕೆ 17, ಒಳಗಿನ ಲಾಕ್ ನಟ್ಟಿಗೆ 9. ಎಷ್ಟೋ ಸಣ್ಣ ಸ್ಪ್ಯಾನರ್ ಸೆಟ್ಟುಗಳಲ್ಲಿ 9 ಇರುವುದೇ ಇಲ್ಲ.

ಹಂತ 2: ಆರು ಮೂಲೆಯೋ, ಹನ್ನೆರಡೋ?

ಇದರಲ್ಲಿ ನನಗೆ ಸಂಶಯವೇ ಇಲ್ಲ. ಸಾಕೆಟ್ ಆದರೆ ಆರು ಮೂಲೆಯದೇ ಇರಲಿ.

ಬೋಲ್ಟಿನ ತಲೆಗೆ ಮೂಲೆ ಆರು. ಹನ್ನೆರಡು ಮೂಲೆಯ ಸಾಕೆಟ್ ಆ ಆರು ಮೂಲೆಗಳ ತುದಿಯ ಹತ್ತಿರವೇ ಒತ್ತುತ್ತದೆ. ಆರು ಮೂಲೆಯದು ಮೂಲೆಯಿಂದ ಸ್ವಲ್ಪ ಒಳಗೆ, ಚಪ್ಪಟೆ ಮುಖದ ಮೇಲೆ ಹಿಡಿಯುತ್ತದೆ. ಬೋಲ್ಟು ಹೊಸದಾಗಿದ್ದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತು ವರ್ಷ ಮಳೆ ಬಿಸಿಲು ತಿಂದ, ಹಿಂದೆ ಯಾರೋ ಸ್ಕ್ರೂ ಸ್ಪ್ಯಾನರ್ (ಬಾಯಿ ಹಿಗ್ಗಿಸಿ ಕುಗ್ಗಿಸುವಂಥದ್ದು) ಹಾಕಿ ಅರ್ಧ ಸವೆಸಿದ ಬೋಲ್ಟಿನ ಮೇಲೆ ಹನ್ನೆರಡು ಮೂಲೆಯದು ಚಕ್ಕನೆ ಜಾರಿ ಉಳಿದ ಮೂಲೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಒಳ್ಳೆಯ ಸಾಕೆಟ್ಟುಗಳಲ್ಲಿ ಒಳಮೂಲೆಯನ್ನು ತುಸು ದುಂಡಗೆ ಕೊರೆದಿರುತ್ತಾರೆ, ಒತ್ತಡ ಬೋಲ್ಟಿನ ಮೂಲೆಯ ಮೇಲೆ ಬೀಳದೆ ಮುಖದ ಮೇಲೆ ಬೀಳಲಿ ಅಂತ. ಸಾಕೆಟ್ಟನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಇದು ಕಾಣುತ್ತದೆ.

ಹಾಗಾದರೆ ಹನ್ನೆರಡು ಮೂಲೆ ಯಾಕೆ ಇದೆ? ಜಾಗ ಇಲ್ಲದ ಕಡೆಗೆ. ರಿಂಗ್ ಸ್ಪ್ಯಾನರಿನಲ್ಲಿ ಆರು ಮೂಲೆಯಾದರೆ ಪ್ರತಿ ಸಲ 60 ಡಿಗ್ರಿ ತಿರುಗಿಸಿದ ಮೇಲೇ ತೆಗೆದು ಮತ್ತೆ ಕೂರಿಸಬಹುದು, ಹನ್ನೆರಡಾದರೆ 30 ಸಾಕು. ಆದ್ದರಿಂದ ರಿಂಗ್ ಸ್ಪ್ಯಾನರ್ ಹನ್ನೆರಡು ಮೂಲೆಯದಿರಲಿ, ಸಾಕೆಟ್ ಆರರದ್ದಿರಲಿ. ಕೆಲವು ಎಂಜಿನ್‌ಗಳಲ್ಲಿ ಬೋಲ್ಟಿನ ತಲೆಯೇ ಹನ್ನೆರಡು ಮೂಲೆಯದಿರುತ್ತದೆ. ಚೀಟಿಯಲ್ಲಿ ಅಂಥದ್ದು ಬಂದರೆ ಆ ಒಂದು ಅಳತೆಯನ್ನು ಬಿಡಿಯಾಗಿ ಕೊಳ್ಳಿ.

ಇನ್ನೊಂದು ಸೂಕ್ಷ್ಮ. ಸಾಕೆಟ್ಟಿನ ಬಾಯಿಯ ಅಂಚನ್ನು ಒಳಕ್ಕೆ ಇಳಿಜಾರಾಗಿ ಕೊರೆದಿರುತ್ತಾರೆ, ಬೋಲ್ಟಿನ ಮೇಲೆ ಸಲೀಸಾಗಿ ಕೂರಲಿ ಅಂತ. ಅಗ್ಗದ ಸಾಕೆಟ್ಟುಗಳಲ್ಲಿ ಈ ಇಳಿಜಾರು ಬಹಳ ಆಳವಾಗಿರುತ್ತದೆ. ಎಂ6 ಫ್ಲ್ಯಾಂಜ್ ಬೋಲ್ಟಿನ ತಲೆ ಮೊದಲೇ ಗಿಡ್ಡ, ಅದರಲ್ಲಿ ಒಂದು ಎಂಎಂ ಇಳಿಜಾರಿಗೆ ಹೋದರೆ ಹಿಡಿತಕ್ಕೆ ಉಳಿಯುವುದು ಎಷ್ಟು? ನುರಿತ ಮೆಕ್ಯಾನಿಕ್‌ಗಳು 8, 10ರ ಒಂದೊಂದು ಸಾಕೆಟ್ಟಿನ ಬಾಯನ್ನು ಗ್ರೈಂಡರಿನಲ್ಲಿ ಸಮತಟ್ಟಾಗಿ ಉಜ್ಜಿ ಇಟ್ಟುಕೊಳ್ಳುವುದು ಇದಕ್ಕೇ.

ಹಂತ 3: ಡ್ರೈವ್ ಎಷ್ಟಿರಲಿ?

ಸಾಕೆಟ್ಟಿನ ಹಿಂಭಾಗದ ಚೌಕದ ಅಳತೆಯೇ ಡ್ರೈವ್. ಸಾಕೆಟ್ ಮೆಟ್ರಿಕ್ ಆದರೂ ಡ್ರೈವ್ ಮಾತ್ರ ಇಂಚಿನಲ್ಲೇ: 1/4, 3/8, 1/2.

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು, ಅಂಗಡಿಯವರು ಮೊದಲು ಎತ್ತಿ ಕೊಡುವುದು 1/2. ಲಾರಿ, ಟ್ರ್ಯಾಕ್ಟರ್ ಕೆಲಸಕ್ಕೆ ಅದು ಸರಿ. ಬೈಕಿನ ಎಂಜಿನ್ನಿಗೆ ಅದು ಗಾತ್ರದಲ್ಲೂ ಬಲದಲ್ಲೂ ಅತಿ. 10 ಎಂಎಂ ತಲೆಯ ಎಂ6 ಬೋಲ್ಟು ಅಲ್ಯುಮಿನಿಯಂ ಕವರಿನಲ್ಲಿ ಕೇಳುವುದು ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). 25 ಸೆಂಟಿಮೀಟರ್ ಉದ್ದದ 1/2 ರಾಚೆಟ್ಟಿನ (ಸಾಕೆಟ್ ತಿರುಗಿಸುವ, ಒಂದೇ ದಿಕ್ಕಿಗೆ ಹಿಡಿಯುವ ಹಿಡಿ) ತುದಿಯಲ್ಲಿ ಅದಕ್ಕೆ ಬೇಕಾದ ಒತ್ತು ಸುಮಾರು ನಾಲ್ಕು ಕಿಲೋ ಅಷ್ಟೇ. ಮುಷ್ಟಿ ಹಿಡಿದು ಎಳೆಯುವ ಕೈಗೆ ನಾಲ್ಕು ಕಿಲೋ ಮುಗಿದದ್ದೇ ತಿಳಿಯುವುದಿಲ್ಲ. ಥ್ರೆಡ್ ಕಿತ್ತು ಬಂದ ಮೇಲೆ ತಿಳಿಯುತ್ತದೆ.

ಬೈಕಿಗೂ ಸಣ್ಣ ಕಾರಿಗೂ ಸೇರಿ ಒಂದೇ ಡ್ರೈವ್ ಕೊಳ್ಳಬೇಕು ಅಂದರೆ 3/8 ಕೊಳ್ಳಿ. 8ರಿಂದ 19ರವರೆಗೆ ಆರಾಮವಾಗಿ ಹೊರುತ್ತದೆ. ಕಾರು ಮುಖ್ಯವಾದರೆ ಆಮೇಲೆ 1/2ರಲ್ಲಿ 14, 17, 19, 21 ಮತ್ತು ಒಂದು ಉದ್ದನೆಯ ಬ್ರೇಕರ್ ಬಾರ್ (ರಾಚೆಟ್ ಹಲ್ಲಿಲ್ಲದ ಗಟ್ಟಿ ಹಿಡಿ) ಸೇರಿಸಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟು, ಹೆಡ್ ಬೋಲ್ಟು ಬಿಚ್ಚುವುದಕ್ಕೆ ಅದು ಬೇಕು. 1/4 ಸೆಟ್ ಕಾರ್ಬ್ಯುರೇಟರ್, ಸಣ್ಣಪುಟ್ಟ ಕ್ಲಾಂಪುಗಳಿಗೆ ಅನುಕೂಲ, ಅದು ಕೊನೆಗೆ.

ಹಂತ 4: ಉದ್ದ, ಗೋಡೆ, ರಾಚೆಟ್

ಚೀಟಿಯ ‘ಆಳ’ ಕಲಂ ಈಗ ನೋಡಿ. ಸೈಲೆನ್ಸರ್ ಬೆಂಡನ್ನು ಹೆಡ್ಡಿಗೆ ಹಿಡಿದಿರುವ ನಟ್ಟುಗಳು ಸ್ಟಡ್ಡಿನ (ತಲೆಯಿಲ್ಲದ ಥ್ರೆಡ್ ಕಡ್ಡಿ) ಮೇಲೆ ಕೂತಿರುತ್ತವೆ. ಸ್ಟಡ್ಡಿನ ತುದಿ ಹೊರಚಾಚಿದ್ದರೆ ಗಿಡ್ಡ ಸಾಕೆಟ್ಟಿನ ತಳ ಅದಕ್ಕೆ ತಗುಲಿ, ನಟ್ಟಿನ ಅಂಚಷ್ಟೇ ಹಿಡಿತಕ್ಕೆ ಸಿಗುತ್ತದೆ. ಅಲ್ಲಿ ಉದ್ದನೆಯ ಡೀಪ್ ಸಾಕೆಟ್ಟೇ ಬೇಕು. 10, 12, 14 ಮೂರನ್ನು ಡೀಪ್‌ನಲ್ಲೂ ಇಟ್ಟುಕೊಂಡರೆ ಸಾಕು.

ಪ್ಲಗ್ಗಿಗೆ ಪ್ರತ್ಯೇಕ ಸಾಕೆಟ್ ಕೊಳ್ಳಿ. ಒಳಗೆ ರಬ್ಬರ್ ಇಲ್ಲವೇ ಅಯಸ್ಕಾಂತ ಇರುವಂಥದ್ದು. ಹಳೆಯ 14 ಎಂಎಂ ಥ್ರೆಡ್ಡಿನ ಪ್ಲಗ್ಗಿಗೆ 21 (ನಿಖರವಾಗಿ 20.8), ಇವತ್ತಿನ ಬಹಳಷ್ಟು ಗಾಡಿಗಳ ಪ್ಲಗ್ಗಿಗೆ 16, ನಡುವೆ 18ರವೂ ಇವೆ. ಬೈಕಿನ ಜೊತೆ ಕಂಪನಿ ಕೊಡುವ ಕೊಳವೆಯಂಥ ಬಾಕ್ಸ್ ಸ್ಪ್ಯಾನರ್ ನೋಡಲು ಬಡವಾದರೂ ಪ್ಲಗ್ ಕೆಲಸಕ್ಕೆ ಏನೂ ಕಡಿಮೆಯಿಲ್ಲ, ಎಸೆಯಬೇಡಿ.

ಸಾಕೆಟ್ಟಿನ ಗೋಡೆ ದಪ್ಪ ಇದ್ದಷ್ಟೂ ಗಟ್ಟಿ ಅನ್ನುವುದು ಎಂಜಿನ್ ಕೆಲಸದಲ್ಲಿ ಅರ್ಧ ಸತ್ಯ. ಫಿನ್‌ಗಳ ನಡುವೆ, ಕವರಿನ ಗುಳಿಗಳಲ್ಲಿ ಕೂತ ಬೋಲ್ಟಿಗೆ ದಪ್ಪ ಗೋಡೆಯ ಸಾಕೆಟ್ ಇಳಿಯುವುದೇ ಇಲ್ಲ. ಇಂಪ್ಯಾಕ್ಟ್ ಗನ್ (ಏಟು ಹಾಕುತ್ತಾ ತಿರುಗಿಸುವ ಯಂತ್ರ) ಇಟ್ಟುಕೊಂಡವರು ಮಾತ್ರ ಕಪ್ಪು ಬಣ್ಣದ ಕ್ರೋಮ್ ಮಾಲಿಬ್ಡಿನಂ ಸಾಕೆಟ್ಟನ್ನೇ ಹಾಕಬೇಕು. ಹೊಳೆಯುವ ಕ್ರೋಮ್ ವೆನೇಡಿಯಂ ಸಾಕೆಟ್ ಗಡಸು, ಗನ್ನಿನ ಏಟಿಗೆ ಸೀಳಿ ಚೂರು ಹಾರಬಹುದು. ಕೈಕೆಲಸಕ್ಕೆ ಕ್ರೋಮ್ ವೆನೇಡಿಯಂ ಸರಿ.

ರಾಚೆಟ್ಟಿನಲ್ಲಿ ಹಲ್ಲು ಎಣಿಸಿ. 24 ಹಲ್ಲಿನದು ಪ್ರತಿ ಕ್ಲಿಕ್ಕಿಗೆ 15 ಡಿಗ್ರಿ ಕೇಳುತ್ತದೆ, 72 ಹಲ್ಲಿನದು 5. ಕಾರಿನ ಬಾನೆಟ್ ಕೆಳಗೆ ಈ ಹತ್ತು ಡಿಗ್ರಿಯೇ ಕೆಲಸ ಆಗುತ್ತದೋ ಇಲ್ಲವೋ ತೀರ್ಮಾನಿಸುತ್ತದೆ. ಆದರೆ ತುಕ್ಕು ಹಿಡಿದ ಬೋಲ್ಟನ್ನು ರಾಚೆಟ್ಟಿನಿಂದ ಬಿಡಿಸಬೇಡಿ. ಮೊದಲ ಬಿಗಿ ಬಿಡಿಸಲು ಬ್ರೇಕರ್ ಬಾರ್ ಅಥವಾ ರಿಂಗ್ ಸ್ಪ್ಯಾನರ್, ಸಡಿಲವಾದ ಮೇಲೆ ರಾಚೆಟ್. 3 ಮತ್ತು 6 ಇಂಚಿನ ಎಕ್ಸ್‌ಟೆನ್ಷನ್ ಎರಡು ಸಾಕು. ಯೂನಿವರ್ಸಲ್ ಜಾಯಿಂಟ್ ಒಂದಿರಲಿ, ಆದರೆ ಅದು ಬಗ್ಗಿದಷ್ಟೂ ಸಾಕೆಟ್ ಬೋಲ್ಟಿನ ಮೇಲೆ ಓರೆಯಾಗುತ್ತದೆ.

ಬೈಕಿನವರಿಗೆ ಒಂದು ಮಾತು. ರಾಚೆಟ್ಟಿಗಿಂತ ಮೊದಲು 8, 10, 12, 14ರ ಟಿ ಆಕಾರದ ಸ್ಪ್ಯಾನರ್ ಕೊಳ್ಳಿ. ನಮ್ಮ ಬೈಕ್ ಗ್ಯಾರೇಜುಗಳಲ್ಲಿ ದಿನವಿಡೀ ಕೈಯಲ್ಲಿರುವುದು ಅದೇ. ಎರಡೂ ಕಡೆ ಸಮನಾಗಿ ಒತ್ತುವುದರಿಂದ ಬೋಲ್ಟು ನೆಟ್ಟಗೆ ಇಳಿಯುತ್ತದೆ, ಥ್ರೆಡ್ ಅಡ್ಡ ಹತ್ತಿದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ಹಂತ 5: ಸ್ಪ್ಯಾನರ್‌ಗಳು

ನಮ್ಮಲ್ಲಿ ಎರಡು ಬಾಯಿಯ ಸ್ಪ್ಯಾನರ್ ಸೆಟ್ ಬರುವ ಕ್ರಮ ಎಲ್ಲರಿಗೂ ಗೊತ್ತು: 6-7, 8-9, 10-11, 12-13, 14-15, 16-17, 18-19, 20-22. ಇದರ ತೊಡಕು ಕೆಲಸಕ್ಕೆ ಇಳಿದಾಗ ತಿಳಿಯುತ್ತದೆ. ಬೋಲ್ಟೂ 10, ಅದರ ಹಿಂದಿನ ನಟ್ಟೂ 10 ಇದ್ದಾಗ ಕೈಯಲ್ಲಿರುವುದು ಒಂದೇ 10. ಕತ್ತಲಲ್ಲಿ 11ರ ಬಾಯಿ 10ರ ಬೋಲ್ಟಿಗೆ, 13ರ ಬಾಯಿ 12ಕ್ಕೆ ಹೋಗುವುದೂ ಹೀಗೇ. ಅದಕ್ಕೆ ನನ್ನ ಆಯ್ಕೆ ಕಾಂಬಿನೇಷನ್ ಸ್ಪ್ಯಾನರ್: ಒಂದು ತುದಿ ತೆರೆದ ಬಾಯಿ, ಇನ್ನೊಂದು ರಿಂಗ್, ಎರಡೂ ಒಂದೇ ಅಳತೆ. 8, 9, 10, 12, 13, 14, 17, 19 ಬಿಡಿಬಿಡಿಯಾಗಿ ಸಿಗುತ್ತವೆ. 10 ಎರಡು ಇರಲಿ.

ಇದರ ಜೊತೆಗೆ ಬಾಗಿದ ಕುತ್ತಿಗೆಯ ರಿಂಗ್ ಸ್ಪ್ಯಾನರ್ 10-11, 12-13, 14-15, 16-17 ಇದ್ದರೆ ಒಳ್ಳೆಯದು. ಕುತ್ತಿಗೆ ಬಾಗಿರುವುದರಿಂದ ಗುಳಿಯಲ್ಲಿನ ಬೋಲ್ಟಿಗೆ ತಲುಪುತ್ತದೆ, ಬೆರಳ ಗಂಟು ಕವರಿಗೆ ತರಚುವುದಿಲ್ಲ. ತೆರೆದ ಬಾಯಿಯನ್ನು ಕೊನೆಯ ಉಪಾಯವೆಂದೇ ಇಟ್ಟುಕೊಳ್ಳಿ. ಅದು ಹಿಡಿಯುವುದು ಎರಡೇ ಮುಖವನ್ನು. ಬಾಯಿ 15 ಡಿಗ್ರಿ ಓರೆ ಇರುವುದರಿಂದ ಪ್ರತಿ ಸಲ ಮಗುಚಿ ಹಾಕಿದರೆ 30 ಡಿಗ್ರಿ ಜಾಗದಲ್ಲೂ ಕೆಲಸ ನಡೆಯುತ್ತದೆ. ಪೈಪ್ ಲೈನಿನ ಮೆತ್ತನೆಯ ನಟ್ಟುಗಳಿಗೆ ಬಾಯಿ ಸ್ವಲ್ಪವೇ ತೆರೆದ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಸ್ಕ್ರೂ ಸ್ಪ್ಯಾನರನ್ನು ಎಂಜಿನ್ ಹತ್ತಿರ ತರಬೇಡಿ.

ಸ್ಪ್ಯಾನರ್ ದೊಡ್ಡದಾದಂತೆ ಉದ್ದವೂ ಹೆಚ್ಚುವುದು ಸುಮ್ಮನೆ ಅಲ್ಲ, ಆ ಅಳತೆಯ ಬೋಲ್ಟು ತಡೆಯುವಷ್ಟು ಬಲವೇ ಕೈಯಿಂದ ಹೋಗಲಿ ಅಂತ ಹಾಗೆ ಮಾಡಿರುತ್ತಾರೆ. 10ರ ಸ್ಪ್ಯಾನರಿಗೆ ಪೈಪು ಸಿಕ್ಕಿಸಿದರೆ ಆ ಲೆಕ್ಕ ಹೋಯಿತು.

ಹಂತ 6: ಆರು ಮುಖದ ತಲೆ ಇಲ್ಲದ ಬೋಲ್ಟುಗಳು

ಹಲವು ಬೈಕುಗಳ ಎಂಜಿನ್ ಕವರಿಗೆ ಅಲೆನ್ ಬೋಲ್ಟು (ತಲೆಯಲ್ಲಿ ಆರು ಮೂಲೆಯ ಗುಳಿ ಇರುವಂಥವು) ಇರುತ್ತವೆ. ಎಂ5ಕ್ಕೆ 4, ಎಂ6ಕ್ಕೆ 5, ಎಂ8ಕ್ಕೆ 6, ಎಂ10ಕ್ಕೆ 8 ಎಂಎಂ ಕೀ. ಎಲ್ ಆಕಾರದ ಕೀಲಿಗಿಂತ 3/8 ಡ್ರೈವಿನ ಅಲೆನ್ ಸಾಕೆಟ್ ಮೇಲು. ಹಾಕುವ ಮೊದಲು ಬೋಲ್ಟಿನ ಗುಳಿಯಲ್ಲಿ ತುಂಬಿದ ಮಣ್ಣನ್ನು ಸೂಜಿಯಿಂದ ಕೆರೆದು ತೆಗೆಯಿರಿ. ಕೀ ಪೂರ್ತಿ ಇಳಿಯದೆ ತಿರುಗಿಸಿದರೆ ಒಳಗಿನ ಮೂಲೆ ಸವೆಯುತ್ತದೆ, ಆಮೇಲೆ ಡ್ರಿಲ್ಲೇ ಗತಿ.

ತಲೆಯಲ್ಲಿ ನಕ್ಷತ್ರದ ಗುಳಿ ಇರುವ ಟಾರ್ಕ್ಸ್ ಬೋಲ್ಟಿಗೆ ಟಿ ಸಂಖ್ಯೆಯ ಬಿಟ್ಟು, ಹೊರಗೇ ನಕ್ಷತ್ರದ ಆಕಾರ ಇರುವ ತಲೆಗೆ ಇ ಸಂಖ್ಯೆಯ ಸಾಕೆಟ್. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಒಳಗೆ ಹನ್ನೆರಡು ಹಲ್ಲಿನ ಬೋಲ್ಟು ಬರುತ್ತವೆ. ನೋಡಲು ಟಾರ್ಕ್ಸಿನಂತೆಯೇ ಕಾಣುತ್ತವೆ, ಟಾರ್ಕ್ಸ್ ಬಿಟ್ಟು ಹಾಕಿದರೆ ಹಾಳಾಗುತ್ತವೆ. ಹಲ್ಲು ಆರೋ ಹನ್ನೆರಡೋ ಎಣಿಸಿ ನೋಡಿ.

ಇನ್ನು ಕ್ಲಚ್ ಬಿಚ್ಚಿದಾಗ ಹಲವು ಹೋಂಡಾ ಮೂಲದ ಬೈಕುಗಳಲ್ಲಿ ಕೋಟೆಯ ತೆನೆಯಂತೆ ನಾಲ್ಕು ಕಡೆ ಕೊರೆದ ದುಂಡು ನಟ್ಟು ಕಾಣುತ್ತದೆ. ಅದಕ್ಕೆ ನಾಲ್ಕು ಹಲ್ಲಿನ ಸಾಕೆಟ್ಟೇ ಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಬಡಿಯುವ ಪದ್ಧತಿ ಎಲ್ಲೆಡೆ ಇದೆ. ಉಳಿಯ ಗುರುತಿರುವ ನಟ್ಟು ನಿಮ್ಮ ಗಾಡಿಯಲ್ಲೂ ಸಿಗಬಹುದು. ನೀವು ಮಾತ್ರ ಸಾಕೆಟ್ ಕೊಳ್ಳಿ.

ಹಂತ 7: ಟಾರ್ಕ್ ರೆಂಚ್

ಟಾರ್ಕ್ ಅಂದರೆ ತಿರುಗಿಸುವ ಬಲ; ನೀವು ಇಟ್ಟ ಅಂಕೆಗೆ ಬಿಗಿಯಾದಾಗ ಕ್ಲಿಕ್ ಅನ್ನುವ ರೆಂಚ್ ಇದು. ದುಡ್ಡು ಉಳಿಸಬೇಕಾದದ್ದು ಬೇರೆಡೆ, ಇಲ್ಲಲ್ಲ. ಆದರೆ ಹೆಚ್ಚಿನವರು ಕೊಳ್ಳುವುದು ತಪ್ಪು ಟಾರ್ಕ್ ರೆಂಚ್. ಮಾರುಕಟ್ಟೆಯಲ್ಲಿ ಸಲೀಸಾಗಿ ಸಿಗುವುದು 1/2 ಡ್ರೈವಿನ, 28ರಿಂದ 210 ನ್ಯೂಟನ್ ಮೀಟರಿನದು. ಚಕ್ರದ ಬೋಲ್ಟಿಗೆ ಬಹಳ ಚೆನ್ನ. ಎಂ6ಕ್ಕೆ ಬೇಕಾದದ್ದು 10. ಆ ರೆಂಚು 10ಕ್ಕೆ ಇಳಿಯುವುದೇ ಇಲ್ಲ. ಕನಿಷ್ಠಕ್ಕೆ ಇಟ್ಟು ಕ್ಲಿಕ್ ಬರಲಿ ಅಂತ ಕಾದರೆ ಕ್ಲಿಕ್ಕಿಗೆ ಮೊದಲು ಬೋಲ್ಟೇ ತುಂಡಾಗುತ್ತದೆ.

ಅಂದಾಜಿಗೆ ಹೇಳುವುದಾದರೆ, 8.8 ಗುರುತಿನ (ತಲೆಯ ಮೇಲಿರುವ ಗಟ್ಟಿತನದ ಅಂಕೆ) ಬೋಲ್ಟುಗಳಲ್ಲಿ ಎಂ8ಕ್ಕೆ ಸುಮಾರು 25, ಎಂ10ಕ್ಕೆ 45ರಿಂದ 50, ಎಂ12ಕ್ಕೆ 80ರ ಆಸುಪಾಸು. ಇವು ಉಕ್ಕಿನೊಳಗೆ ಇಳಿಯುವ ಬೋಲ್ಟಿನ ಅಂಕೆಗಳು, ಅಲ್ಯುಮಿನಿಯಂನಲ್ಲಿ ಕಡಿಮೆಯೇ ಇರುತ್ತವೆ. ಇದು ರೆಂಚ್ ಆರಿಸಲು ಮಾತ್ರ, ಬಿಗಿಯಲು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಂಕೆಯೇ ಪ್ರಮಾಣ. ಹಳೆಯ ಮ್ಯಾನ್ಯುಯಲ್ಲುಗಳಲ್ಲಿ ಕೆಜಿ-ಮೀಟರಿನಲ್ಲಿ ಬರೆದಿರುತ್ತಾರೆ, 9.8ರಿಂದ ಗುಣಿಸಿ. ಬೈಕಿಗಾದರೆ 5ರಿಂದ 25ರ ಒಂದು ಸಣ್ಣ ರೆಂಚು, ಕಾರಿನ ಹೆಡ್ಡಿಗೆ 20ರಿಂದ 100ರ ಇನ್ನೊಂದು. ಯಾವುದನ್ನೇ ಆಗಲಿ ಅದರ ಗರಿಷ್ಠದ ಶೇ 20ಕ್ಕಿಂತ ಕೆಳಗೆ ನಂಬಬೇಡಿ.

ಬಳಸುವ ಕ್ರಮ ಹೀಗೆ. ಬೋಲ್ಟನ್ನು ಮೊದಲು ಬೆರಳಲ್ಲೇ ಪೂರ್ತಿ ಇಳಿಸಿ. ಥ್ರೆಡ್ ಸ್ವಚ್ಛವಿರಲಿ. ಮ್ಯಾನ್ಯುಯಲ್ ‘ಎಣ್ಣೆ ಹಚ್ಚಿ’ ಅಂದಿದ್ದರೆ ಮಾತ್ರ ಹಚ್ಚಿ, ಯಾಕೆಂದರೆ ನೀವು ಹಾಕುವ ಬಲದಲ್ಲಿ ಸುಮಾರು ಶೇ 90 ತಿಕ್ಕಾಟಕ್ಕೇ ಹೋಗುತ್ತದೆ, ಬೋಲ್ಟನ್ನು ಎಳೆದು ಹಿಡಿಯಲು ಉಳಿಯುವುದು ಶೇ 10. ಎಣ್ಣೆ ಬಿದ್ದು ತಿಕ್ಕಾಟ ಕಡಿಮೆಯಾದರೆ ಅದೇ ಅಂಕೆಗೆ ಬೋಲ್ಟು ಬಹಳ ಹೆಚ್ಚು ಎಳೆಯಲ್ಪಡುತ್ತದೆ. ಹೆಡ್ಡಿನ ಬೋಲ್ಟುಗಳನ್ನು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು, ಬಿಚ್ಚುವಾಗ ಹೊರಗಿನಿಂದ ಒಳಕ್ಕೆ. ಹಿಡಿಯ ಮೇಲೆ ಮಾತ್ರ ಕೈ ಇಟ್ಟು ನಿಧಾನವಾಗಿ ಎಳೆಯಿರಿ, ಕ್ಲಿಕ್ ಬಂದ ಕೂಡಲೇ ನಿಲ್ಲಿಸಿ. ಇನ್ನೊಂದು ಕ್ಲಿಕ್ ‘ಖಾತ್ರಿಗೆ’ ಬೇಡ.

ಕೆಲವು ಕಾರುಗಳಲ್ಲಿ ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ ಅಂತ ಇರುತ್ತದೆ. ಇಂಥ ಬೋಲ್ಟುಗಳಲ್ಲಿ ಹಲವು ಒಮ್ಮೆ ಹಿಗ್ಗಿದರೆ ಮುಗಿಯಿತು, ಮ್ಯಾನ್ಯುಯಲ್ ಬದಲಿಸಿ ಅಂದರೆ ಹೊಸದೇ ಹಾಕಬೇಕು. ಟಾರ್ಕ್ ರೆಂಚಿನಿಂದ ಬಿಚ್ಚುವ ಕೆಲಸ ಮಾಡಬೇಡಿ, ಇಡುವಾಗ ಕನಿಷ್ಠ ಅಂಕೆಗೆ ತಿರುಗಿಸಿ ಇಡಿ.

ಹಂತ 8: ಅಂಗಡಿಯಲ್ಲಿ

ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆ ಇದೆ, ಬೇರೆ ಊರಿನವರಿಗೆ ಊರಿನ ದೊಡ್ಡ ಹಾರ್ಡ್‌ವೇರ್ ಅಂಗಡಿ. ಟಪಾರಿಯಾದಂಥ ದೇಶೀ ಹೆಸರುಗಳಲ್ಲಿ ಬಿಡಿ ಸಾಕೆಟ್, ಬಿಡಿ ಸ್ಪ್ಯಾನರ್ ಸಿಗುತ್ತವೆ, ಮನೆಕೆಲಸಕ್ಕೆ ಅಷ್ಟು ಗುಣಮಟ್ಟ ಧಾರಾಳ. ಭಾನುವಾರದ ಸಂತೆ, ಗುಜರಿಗಳಲ್ಲಿ ಹಳೆಯ ಒಳ್ಳೆಯ ಸ್ಪ್ಯಾನರ್‌ಗಳು ಸಿಗುವುದುಂಟು. ವಿಟ್‌ವರ್ತ್ ಬೇಕಾದವರು ಅಲ್ಲೇ ಹುಡುಕಬೇಕು. ಸ್ಪ್ಯಾನರಿನ ಬಾಯಿ ಅಗಲವಾಗಿಲ್ಲವೇ ನೋಡಿ ಕೊಳ್ಳಿ. ಹಳೆಯ ಟಾರ್ಕ್ ರೆಂಚ್ ಮಾತ್ರ ಬೇಡ.

ಹೋಗುವಾಗ ಜೇಬಿನಲ್ಲಿ ನಿಮ್ಮ ಗಾಡಿಯ 10, 12, 14 ತಲೆಯ ಒಂದೊಂದು ಒಳ್ಳೆಯ ಬೋಲ್ಟು ಇರಲಿ. ಸಾಕೆಟ್ಟನ್ನು ಬೋಲ್ಟಿನ ಮೇಲೆ ಕೂರಿಸಿ ಎಡಬಲಕ್ಕೆ ಆಡಿಸಿ. ಒಂದಿಷ್ಟು ಆಟ ಇದ್ದೇ ಇರುತ್ತದೆ, ಆದರೆ ಕಣ್ಣಿಗೆ ಕಾಣುವಷ್ಟು ತಿರುಗಿದರೆ ವಾಪಸು ಇಡಿ. ಎರಡು ಕಂಪನಿಯದನ್ನು ಪಕ್ಕಪಕ್ಕ ಹೀಗೆ ನೋಡಿದರೆ ಬೆಲೆಯ ವ್ಯತ್ಯಾಸ ಯಾವುದಕ್ಕೆ ಅನ್ನುವುದು ಕೈಗೇ ತಿಳಿಯುತ್ತದೆ. ಗೋಡೆ ಸುತ್ತಲೂ ಒಂದೇ ದಪ್ಪ ಇದೆಯೇ, ಅಂಕೆ ಅಚ್ಚೊತ್ತಿದ್ದೋ ಬರೀ ಬಣ್ಣದ್ದೋ, ರಾಚೆಟ್ಟಿನ ಗುಂಡು ಸಾಕೆಟ್ಟನ್ನು ಬಿಗಿಯಾಗಿ ಹಿಡಿಯುತ್ತದೆಯೇ ನೋಡಿ. ಹೊಳಪಿಗೆ ಬೆಲೆ ಕೊಡಬೇಡಿ. ಅಂಗಡಿಯವರು ‘ಸಾರ್, ಸೆಟ್ ತಗೊಂಡ್ರೆ ಅಗ್ಗ ಬೀಳುತ್ತೆ’ ಅನ್ನುತ್ತಾರೆ. ಪೀಸಿನ ಲೆಕ್ಕದಲ್ಲಿ ಅವರ ಮಾತು ನಿಜ. ನೀವು ಚೀಟಿ ತೆಗೆದು ಅದರಲ್ಲಿ ಬರೆದ ಅಳತೆಗಳನ್ನಷ್ಟೇ ಓದಿ, 10 ಮಾತ್ರ ಎರಡು ಹೇಳಿ.